ಸ್ಪೀಡೋಮೀಟರ್ ಸ್ಪೀಡ್ ಅಳೆಯಲ್ಲ, ಹಲ್ಲು ಎಣಿಸುತ್ತೆ

(ಹೋದ ಭಾನುವಾರ ಬೆಳಿಗ್ಗೆ ತುಮಕೂರು ರೋಡಲ್ಲಿ ತಿಂಡಿ ಮುಗಿಸ್ಕೊಂಡು ಒಂದಷ್ಟು ರೈಡರ್‌ಗಳ ಮುಂದೆ ಮಾತಾಡಿದ್ದು ಇದು. ರೆಕಾರ್ಡಿಂಗಲ್ಲಿ ಬರೀ ಗಾಳಿ ಸದ್ದೇ ಕೇಳುತ್ತೆ, ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು. ಮಾತಾಡಿದ ಹಾಗೇ ಬರ್ದಿದೀನಿ, ಲೆಕ್ಕಗಳನ್ನ ಮಾತ್ರ ಕೂತ್ಕೊಂಡು ಇನ್ನೊಂದ್ಸಲ ನೋಡಿದೀನಿ.)

ಎಲ್ಲರಿಗೂ ನಮಸ್ಕಾರ. ಇಷ್ಟು ಬೆಳಿಗ್ಗೆ ಎದ್ದು ಬಂದಿದೀರ, ಥ್ಯಾಂಕ್ಸ್. ನನ್ನನ್ನ ಕರೆದವ್ರು ಇಸಿಯು, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರ್, ಅದ್ರ ಟ್ಯೂನಿಂಗ್ ಬಗ್ಗೆ ಮಾತಾಡಿ ಅಂದ್ರು, ಅದು ದೊಡ್ಡ ಸಮುದ್ರ, ಅದ್ರಲ್ಲಿ ಪೆಟ್ರೋಲ್ ಮ್ಯಾಪು ಸ್ಪಾರ್ಕ್ ಟೈಮಿಂಗು ಪವರ್ರು ಅಂತೆಲ್ಲ ಇದೆ, ಅದನ್ನ ಹೇಳೋಕೆ ಬೇರೆ ಜನ ಇದಾರೆ. ನಾನು ಅದ್ರಲ್ಲಿ ಯಾರೂ ತಿರುಗಿ ನೋಡದ ಒಂದೇ ಒಂದು ನಂಬರ್ ಬಗ್ಗೆ ಮಾತಾಡ್ತೀನಿ, ಸ್ಪೀಡೋಮೀಟರ್ ಕ್ಯಾಲಿಬ್ರೇಶನ್ ನಂಬರ್. ಯಾಕಂದ್ರೆ ಆ ಒಂದು ನಂಬರ್ ತಪ್ಪಿದ್ದಕ್ಕೆ ನಾನು ಒಂದೂವರೆ ತಿಂಗಳು ತಪ್ಪು ಜಾಗದಲ್ಲಿ ಹುಡುಕಾಡಿದೀನಿ, ಮತ್ತೆ ಆ ಒಂದೂವರೆ ತಿಂಗಳೂ ನನಗೆ ಗೊತ್ತಿಲ್ದೆ ಅಂದ್ಕೊಂಡಿದ್ದಕ್ಕಿಂತ ಜೋರಾಗಿ ಓಡ್ಸಿದೀನಿ, ಹಿಂದೆ ಹೆಂಡ್ತೀನ ಕೂರಿಸ್ಕೊಂಡು.

ನನ್ನ ಗಾಡಿ ಹಾರ್ಲೆ ಐರನ್ 883, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅದಕ್ಕೆ ಚೈನ್ ಇಲ್ಲ, ಬೆಲ್ಟು. ಹೈವೇಲಿ ಎಂಜಿನ್ ಸ್ವಲ್ಪ ಆರಾಮಾಗಿ ಓಡ್ಲಿ ಅಂತ ಒಂದು ವರ್ಕ್‌ಶಾಪಲ್ಲಿ ಏರ್ ಫಿಲ್ಟರು, ಸೈಲೆನ್ಸರ್ ಬದಲಾಯಿಸಿ ಅದಕ್ಕೆ ತಕ್ಕ ಮ್ಯಾಪ್ (ಯಾವಾಗ ಎಷ್ಟು ಪೆಟ್ರೋಲ್, ಯಾವಾಗ ಸ್ಪಾರ್ಕ್ ಅಂತ ಇಸಿಯುಗೆ ಹೇಳೋ ಫೈಲು) ಹಾಕ್ಸಿದೆ, ಜೊತೆಗೆ ಬೆಲ್ಟ್ ಎಳೆಯೋ ಹಲ್ಲಿನ ಚಕ್ರ, ಅಂದ್ರೆ ಮುಂದಿನ ಪುಲ್ಲಿ, 28 ಹಲ್ಲಿಂದು ತೆಗೆಸಿ 30 ಹಲ್ಲಿಂದು ಹಾಕ್ಸಿದೆ. ಗಾಡಿ ತಗೊಂಡ್ ಬಂದೆ, ಓಡ್ಸೋಕೆ ತುಂಬಾ ಚೆನ್ನಾಗಿತ್ತು, ಅದೇ ಸ್ಪೀಡಿಗೆ ಆರ್‌ಪಿಎಂ ಕಮ್ಮಿ, ಕೈಗೆ ವೈಬ್ರೇಶನ್ ಕಮ್ಮಿ. ಆದ್ರೆ ಮೈಲೇಜ್ ಬಿದ್ದೋಯ್ತು. ಇಪ್ಪತ್ತು ಕೊಡ್ತಿದ್ದ ಗಾಡಿ ಹದಿನೆಂಟೂವರೆ ಹದಿನೆಂಟೂಮುಕ್ಕಾಲಿಗೆ ಬಂತು, ಪ್ರತಿ ಸಲ ಟ್ಯಾಂಕ್ ತುಂಬಿಸ್ದಾಗ್ಲೂ ಅಷ್ಟೇ. ಮ್ಯಾಪ್ ರಿಚ್ ಆಗಿದೆ, ಅಂದ್ರೆ ಪೆಟ್ರೋಲ್ ಜಾಸ್ತಿ ಕೊಡ್ತಿದೆ ಅಂತ ವರ್ಕ್‌ಶಾಪಿಗೆ ಮೂರು ಸಲ ಹೋದೆ, ಅವ್ರು ಪೆಟ್ರೋಲ್ ಕಮ್ಮಿ ಮಾಡಿದ್ರು, ಎಂಜಿನ್ ಬಿಸಿ ಆಗೋಕೆ ಶುರುವಾಯ್ತು, ಮತ್ತೆ ಹೆಚ್ಚು ಮಾಡಿದ್ರು. ಮೈಲೇಜ್ ಅಲ್ಲೇ ನಿಂತಿತ್ತು.

ಆಮೇಲೆ ಒಂದ್ಸಲ ಚಿತ್ರದುರ್ಗಕ್ಕೆ ಹೋಗ್ತಾ ಇದ್ವಿ, ಹಿರಿಯೂರು ದಾಟಿದ ಮೇಲೆ ರೋಡು ನೇರ, ನಾನು ಮೀಟರಲ್ಲಿ 80 ಇಟ್ಕೊಂಡು ಆರಾಮಾಗಿ ಹೋಗ್ತಾ ಇದೀನಿ, ಹಿಂದೆ ಬರ್ತಿದ್ದ ಸ್ನೇಹಿತ ಟೀ ಕುಡಿಯೋಕೆ ನಿಲ್ಸಿದಾಗ ಕೇಳ್ದ, ಏನಪ್ಪಾ ಇವತ್ತು 88ರಲ್ಲೇ ಎಳೀತಾ ಇದ್ಯಲ್ಲ, ಮೇಡಂ ಹಿಂದೆ ಇದಾರೆ ಅಂತ. ನಾನು 80 ಅಂದೆ. ಅವ್ನು 88 ಅಂದ. ಇಬ್ರೂ ಫೋನಲ್ಲಿ ಜಿಪಿಎಸ್ ಹಾಕ್ಕೊಂಡು ಮತ್ತೆ ಹೊರಟ್ವಿ, ನನ್ನ ಮೀಟರ್ 80, ಅವನ ಮೀಟರ್ 88, ಜಿಪಿಎಸ್ ಇಬ್ರದ್ದೂ ಎಂಬತ್ತೆರಡು ಎಂಬತ್ತಮೂರರ ಮಧ್ಯ.

ಅಲ್ಲಿ ನನಗೆ ಹೊಳೀತು. ಮೈಲೇಜ್ ಬಿದ್ದೇ ಇಲ್ಲ. ನಾನು ನಿಜವಾಗ್ಲೂ 200 ಕಿಲೋಮೀಟರ್ ಓಡ್ಸಿದ್ರೆ ನನ್ನ ಓಡೋಮೀಟರ್ ಎಣಿಸ್ತಿದ್ದಿದ್ದು ಬರೀ 187. ಹತ್ತು ಲೀಟರ್ ಹಾಕಿ 187ನ್ನ ಹತ್ತರಿಂದ ಭಾಗಿಸಿದ್ರೆ ಹದಿನೆಂಟೂಮುಕ್ಕಾಲು ಬರ್ದೆ ಇನ್ನೇನ್ ಬರುತ್ತೆ? ಪುಲ್ಲಿ ಬದಲಾಯಿಸಿದವ್ರು ಅದೇ ದಿನ ಲ್ಯಾಪ್‌ಟಾಪ್ ಹಚ್ಚಿ ಮ್ಯಾಪನ್ನೂ ಬರೆದ್ರು, ಆ ಮ್ಯಾಪ್ ಒಳಗೇ ಸ್ಪೀಡೋ ನಂಬರ್ ಕೂಡ ಇತ್ತು, ಅದನ್ನ ಮಾತ್ರ ಮುಟ್ಟಿರ್ಲಿಲ್ಲ. ಎರಡು ನಿಮಿಷದ ಕೆಲ್ಸ. ನನಗೆ ಇವತ್ತಿಗೂ ಬೇಜಾರಿದೆ ಅದ್ರ ಬಗ್ಗೆ, ದುಡ್ಡಿಗಲ್ಲ, ಮೀಟರ್ ನಂಬ್ಕೊಂಡು ಓಡ್ಸೋನಿಗೆ ಮೀಟರ್ ಸುಳ್ಳು ಹೇಳ್ತಾ ಇದೆ ಅಂತ ಯಾರೂ ಹೇಳ್ಲಿಲ್ವಲ್ಲ ಅಂತ.

ಈಗ ಇದು ಯಾಕಾಗುತ್ತೆ ಅಂತ ಬುಡದಿಂದ ನೋಡೋಣ.

ಹಳೇ ಬುಲೆಟ್ಟು, ಮೈಸೂರಲ್ಲಿ ತಯಾರಾಗ್ತಿದ್ದ ಯೆಜ್ಡಿ, ಇವೆಲ್ಲ ಓಡ್ಸಿದವ್ರಿಗೆ ಸ್ಪೀಡೋ ಕೇಬಲ್ ಗೊತ್ತು. ಒಂದು ಕೇಬಲ್ ತಿರುಗ್ತಾ ಮೀಟರ್ ಒಳಗೆ ಒಂದು ಅಯಸ್ಕಾಂತ ತಿರುಗ್ಸುತ್ತೆ, ಅದ್ರ ಸುತ್ತ ಒಂದು ಅಲ್ಯೂಮಿನಿಯಂ ಬಟ್ಟಲು, ಎರಡೂ ಒಂದಕ್ಕೊಂದು ತಾಗಲ್ಲ, ಆದ್ರೂ ಅಯಸ್ಕಾಂತ ತಿರುಗಿದ್ರೆ ಬಟ್ಟಲನ್ನೂ ಎಳೆಯುತ್ತೆ, ಕೂದಲೆಳೆ ಥರ ಒಂದು ಸ್ಪ್ರಿಂಗು ಅದನ್ನ ಹಿಂದಕ್ಕೆ ಎಳೆಯುತ್ತೆ, ಎರಡೂ ಸಮ ಆದ ಕಡೆ ಮುಳ್ಳು ನಿಲ್ಲುತ್ತೆ. 1902ರಲ್ಲಿ ಓಟ್ಟೋ ಶುಲ್ಟ್ಸೆ ಅನ್ನೋ ಜರ್ಮನ್ ಎಂಜಿನಿಯರ್ ಪೇಟೆಂಟ್ ತಗೊಂಡ ಐಡಿಯಾ, ಹೆಚ್ಚುಕಮ್ಮಿ ನೂರು ವರ್ಷ ಇಡೀ ಪ್ರಪಂಚ ಅದ್ರ ಮೇಲೇ ಓಡ್ತು. ಆ ಕಾಲದಲ್ಲಿ ಮೀಟರ್ ತಪ್ಪಿದ್ರೆ ಗೇರ್ ಬದಲಾಯಿಸ್ಬೇಕು ಇಲ್ಲ ಸ್ಪ್ರಿಂಗ್ ಮುಟ್ಟಬೇಕು, ಅದು ವಾಚ್ ರಿಪೇರಿ ಮಾಡೋವ್ರ ಥರದ ಕೈಕೆಲ್ಸ.

ಈಗಿನ ಗಾಡೀಲಿ ಕೇಬಲ್ ಇಲ್ಲ, ಸೆನ್ಸರ್ ಇದೆ. ತಿರುಗೋ ಹಲ್ಲಿನ ಚಕ್ರದ ಮುಂದೆ ಒಂದು ಹಾಲ್ (Hall) ಸೆನ್ಸರ್, ಅಂದ್ರೆ ಅಯಸ್ಕಾಂತದ ಏರಿಳಿತ ಗುರ್ತಿಸೋ ಸೆನ್ಸರ್ ಕೂತಿರುತ್ತೆ, ಒಂದೊಂದು ಹಲ್ಲು ಮುಂದೆ ಹೋದಾಗ್ಲೂ ಒಂದು ಪಲ್ಸ್ ಕಳ್ಸುತ್ತೆ. ಅಷ್ಟೇ ಅದಕ್ಕೆ ಗೊತ್ತಿರೋದು. ಅದಕ್ಕೆ ರೋಡ್ ಗೊತ್ತಿಲ್ಲ, ಟೈರ್ ಗೊತ್ತಿಲ್ಲ, ಕಿಲೋಮೀಟರ್ ಗೊತ್ತಿಲ್ಲ. ಕಂಪ್ಯೂಟರ್ ಒಂದು ಸೆಕೆಂಡಿಗೆ ಎಷ್ಟು ಹಲ್ಲು ಹೋಯ್ತು ಅಂತ ಎಣಿಸಿ, ಇಷ್ಟು ಹಲ್ಲು ಹೋದ್ರೆ ಒಂದು ಕಿಲೋಮೀಟರ್ ಅಂತ ಯಾರೋ ಬರೆದಿಟ್ಟ ನಂಬರಿಂದ ಲೆಕ್ಕ ಹಾಕಿ ಮುಳ್ಳಿಗೆ ಕಳ್ಸುತ್ತೆ. ಆ ಯಾರೋ ಬರೆದಾಗ ನಿಮ್ಮ ಗಾಡೀಲಿ ಕಂಪನಿ ಪುಲ್ಲಿ ಇತ್ತು, ಕಂಪನಿ ಟೈರ್ ಇತ್ತು. ನೀವು ಅದನ್ನ ಬದಲಾಯಿಸಿದ್ರೆ ನಂಬರ್ ಹಳೇದು, ಗಾಡಿ ಹೊಸದು.

ಇಲ್ಲಿ ಮುಖ್ಯವಾದ ಪ್ರಶ್ನೆ ಸೆನ್ಸರ್ ಎಲ್ಲಿದೆ ಅನ್ನೋದು. ಇದನ್ನ ದಯವಿಟ್ಟು ಸರಿಯಾಗಿ ಕೇಳಿಸ್ಕೊಳ್ಳಿ, ಯಾಕಂದ್ರೆ ಅರ್ಧ ಗೊಂದಲ ಇಲ್ಲೇ ಇರೋದು. ನನ್ನ ಐರನ್ 883ಲಿ ಸೆನ್ಸರ್ ಗೇರ್‌ಬಾಕ್ಸ್ ಹತ್ರ ಇದೆ, ಒಳಗಿನ ಒಂದು ಗೇರಿನ ಹಲ್ಲನ್ನ ಎಣಿಸುತ್ತೆ, ಅಂದ್ರೆ ಪುಲ್ಲಿಗಿಂತ ಮುಂಚೆ. ಪುಲ್ಲಿ ಆದ್ಮೇಲೆ ಏನಾಗುತ್ತೆ, ಬೆಲ್ಟು ಎಷ್ಟು ಎಳೆಯುತ್ತೆ, ಚಕ್ರ ಎಷ್ಟು ತಿರುಗುತ್ತೆ, ಯಾವುದೂ ಅದಕ್ಕೆ ಕಾಣಲ್ಲ. ಇಂಥಾ ಗಾಡೀಲಿ ಪುಲ್ಲಿ ಅಥವಾ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ಬದಲಾಯಿಸಿದ್ರೆ ಮೀಟರ್ ಖಂಡಿತ ತಪ್ಪುತ್ತೆ, ಹಿಂದಿನ ಟೈರ್ ಸೈಜ್ ಬದಲಾಯಿಸಿದ್ರೂ ತಪ್ಪುತ್ತೆ, ಮುಂದಿನ ಟೈರ್ ಏನಾದ್ರೂ ಮಾಡ್ಕೊಳ್ಳಿ ಏನೂ ಆಗಲ್ಲ. ಇನ್ನು ಕೆಲವು ಗಾಡೀಲಿ ಮುಂದಿನ ಚಕ್ರದ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ರಿಂಗಿಂದ ಸ್ಪೀಡ್ ತಗೊಳ್ತಾರೆ, ಅಲ್ಲಿ ಸ್ಪ್ರಾಕೆಟ್ ಎಷ್ಟು ಹಲ್ಲಿಂದಾದ್ರೂ ಹಾಕಿ ಮೀಟರಿಗೆ ಗೊತ್ತೇ ಆಗಲ್ಲ, ಮುಂದಿನ ಟೈರ್ ಮುಟ್ಟಿದ್ರೆ ಮಾತ್ರ ತಪ್ಪು. ಕೆಲವದ್ರಲ್ಲಿ ಹಿಂದಿನ ಚಕ್ರದಿಂದ ತಗೊಳ್ತಾರೆ, ಅಲ್ಲಿ ಸ್ಪ್ರಾಕೆಟ್ ಲೆಕ್ಕಕ್ಕಿಲ್ಲ, ಹಿಂದಿನ ಟೈರ್ ಲೆಕ್ಕ.

ನಿಮ್ಮ ಗಾಡೀಲಿ ಯಾವುದು ಅಂತ ನೋಡೋಕೆ ಗಾಡಿ ಸೆಂಟರ್ ಸ್ಟ್ಯಾಂಡ್ ಹಾಕಿ ಅಥವಾ ಪ್ಯಾಡಕ್ ಸ್ಟ್ಯಾಂಡ್ ಮೇಲೆ ನಿಲ್ಸಿ, ಹಿಂದಿನ ಚಕ್ರ ನೆಲ ಬಿಟ್ಟಿರ್ಲಿ, ಸ್ಟಾರ್ಟ್ ಮಾಡಿ ಫಸ್ಟ್ ಗೇರಿಗೆ ಹಾಕಿ ನಿಧಾನಕ್ಕೆ ಕ್ಲಚ್ ಬಿಡಿ. ಮೀಟರ್ ಏರಿದ್ರೆ ಸೆನ್ಸರ್ ಗೇರ್‌ಬಾಕ್ಸಲ್ಲಿ ಇಲ್ಲ ಹಿಂದಿನ ಚಕ್ರದಲ್ಲಿ, ಸೊನ್ನೇಲೇ ಇದ್ರೆ ಮುಂದಿನ ಚಕ್ರದಲ್ಲಿ. ಏರಿದ್ರೆ ವೈರ್ ಹಿಡ್ಕೊಂಡು ಹೋಗಿ, ಎಲ್ಲಿಗೆ ಹೋಗುತ್ತೆ ನೋಡಿ. ಹಿಂದಿನ ಚಕ್ರ ಒಂದೇ ತಿರುಗಿದ್ರೆ ಎಬಿಎಸ್ ಲೈಟ್ ಹತ್ಕೊಬಹುದು, ಗಾಬರಿ ಆಗ್ಬೇಡಿ, ಆಫ್ ಮಾಡಿ ಮತ್ತೆ ಆನ್ ಮಾಡಿ ಸ್ವಲ್ಪ ಓಡ್ಸಿದ್ರೆ ಸಾಮಾನ್ಯವಾಗಿ ಹೋಗುತ್ತೆ. ಮತ್ತೆ ದಯವಿಟ್ಟು ಚೈನ್ ಹತ್ರ ಬೆರಳು, ವೇಲು, ಜಾಕೆಟ್ ದಾರ ಏನೂ ಹೋಗ್ಬಾರ್ದು, ಮಕ್ಕಳನ್ನ ಪಕ್ಕದಲ್ಲಿ ನಿಲ್ಸ್ಕೋಬೇಡಿ, ಬೆರಳು ಕಳ್ಕೊಂಡವ್ರನ್ನ ನಾನು ನೋಡಿದೀನಿ.

ಇನ್ನೊಂದು ವಿಷ್ಯ. ಏನೂ ಬದಲಾಯಿಸದ ಹೊಸ ಗಾಡೀಲೂ ಮೀಟರ್ ಸರಿ ತೋರ್ಸಲ್ಲ, ಬೇಕಂತಲೇ ಸ್ವಲ್ಪ ಜಾಸ್ತಿ ತೋರ್ಸುತ್ತೆ. ಅದಕ್ಕೊಂದು ನಿಯಮ ಇದೆ, ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 39ನೇ ನಂಬರಿಂದು. ಅದು ಹೇಳೋದೇನು ಅಂದ್ರೆ, ಮೀಟರ್ ಯಾವತ್ತೂ ನಿಜವಾದ ಸ್ಪೀಡಿಗಿಂತ ಕಮ್ಮಿ ತೋರ್ಸೋ ಹಾಗಿಲ್ಲ, ಜಾಸ್ತಿ ತೋರ್ಸಿದ್ರೆ ನಿಜವಾದ ಸ್ಪೀಡಿನ ಹತ್ತರಲ್ಲೊಂದು ಭಾಗ ಪ್ಲಸ್ 4 ಕಿಲೋಮೀಟರ್ ತನಕ ತೋರಿಸ್ಬಹುದು. ಅಂದ್ರೆ ನಿಜವಾಗ್ಲೂ 80ರಲ್ಲಿ ಹೋಗ್ತಿದ್ರೆ ಮೀಟರ್ 80ರಿಂದ 92ರ ತನಕ ಎಲ್ಲಿ ಬೇಕಾದ್ರೂ ಇರ್ಬಹುದು, 79 ಇರೋ ಹಾಗಿಲ್ಲ. ಒಂದು ಕಡೆಗೆ ಮಾತ್ರ ಜಾಗ ಬಿಟ್ಟಿದಾರೆ. ಹಾಗಾಗಿ ಕಂಪನಿಯವ್ರು ಟೈರ್ ಹೊಸದು ಹಳೇದು, ಗಾಳಿ ಹೆಚ್ಚು ಕಮ್ಮಿ, ಎಲ್ಲಾ ಸೇರಿಸಿದ್ರೂ ಕಮ್ಮಿ ಕಡೆಗೆ ಹೋಗ್ಬಾರ್ದು ಅಂತ ಮೂರೋ ಐದೋ ಪರ್ಸೆಂಟ್ ಮೇಲಕ್ಕೆ ಇಟ್ಟಿರ್ತಾರೆ. ನನ್ನ ಗಾಡಿ ಪುಲ್ಲಿ ಬದಲಾಯಿಸೋಕೆ ಮುಂಚೆ ಮೀಟರ್ 80ಕ್ಕೆ ನಿಜವಾಗಿ 77 ಹೋಗ್ತಿತ್ತು. 30 ಹಲ್ಲಿನ ಪುಲ್ಲಿ ಹಾಕಿದ ಮೇಲೆ 77 ಇಂಟು 30 ಭಾಗಿಸು 28, ಎಂಬತ್ತೆರಡೂವರೆ. ಮೇಲಿದ್ದ ಮೀಟರ್ ಕೆಳಕ್ಕೆ ಬಿತ್ತು. ನಮ್ಮ ದೇಶದಲ್ಲಿ ಬೈಕಿಗೆ ನಾಲ್ಕು ಲೇನ್ ಹೈವೇಲಿ 80 ಮೇಲಿನ ಮಿತಿ, 2018ರ ಕೇಂದ್ರದ ಆದೇಶದ ಪ್ರಕಾರ, ನಾನು ಮಿತಿ ಒಳಗಿದೀನಿ ಅಂತ ನಂಬ್ಕೊಂಡು ಮಿತಿ ದಾಟ್ತಾ ಇದ್ದೆ. ಜಾಸ್ತಿ ತೋರ್ಸೋ ಮೀಟರ್ ನಿಮ್ಮನ್ನ ಸ್ವಲ್ಪ ತಡವಾಗಿ ಮನೆ ಮುಟ್ಟಿಸುತ್ತೆ. ಕಮ್ಮಿ ತೋರ್ಸೋ ಮೀಟರಿಂದ ತಿರುವಿಗೆ ಲೆಕ್ಕ ಹಾಕಿದ್ದಕ್ಕಿಂತ ಜೋರಾಗಿ ನುಗ್ತೀರಿ, ಬ್ರೇಕಿಗೆ ಬೇಕಾದ ಜಾಗ ಕಮ್ಮಿ ಅಂದಾಜು ಮಾಡ್ತೀರಿ. ಎರಡೂ ಒಂದೇ ತಪ್ಪು ಅಲ್ಲ.

ಸರಿ, ಅಳೆಯೋದು ಹೇಗೆ. ಲ್ಯಾಪ್‌ಟಾಪ್ ಹಚ್ಚೋಕೆ ಮುಂಚೆ ಅಳೀರಿ, ಅಳೆಯದೇ ನಂಬರ್ ಮುಟ್ಟೋದು ಜ್ವರ ನೋಡದೇ ಮಾತ್ರೆ ಕೊಟ್ಟ ಹಾಗೆ. ಜಿಪಿಎಸ್ ಆಪ್ ಸಾಕು, ತೆರೆದ ಆಕಾಶದ ಕೆಳಗೆ ಒಂದೇ ಸ್ಪೀಡಲ್ಲಿ ಹೋಗ್ತಿದ್ರೆ ಅದು ತುಂಬಾ ಸರಿಯಾಗಿ ತೋರ್ಸುತ್ತೆ. ಆದ್ರೆ ಅದು ಸಾಮಾನ್ಯವಾಗಿ ಸೆಕೆಂಡಿಗೊಂದು ಸಲ ಬದಲಾಗುತ್ತೆ, ಆಕ್ಸಿಲರೇಟರ್ ಕೊಡೋವಾಗ ನೋಡಿದ್ರೆ ಹಿಂದೆ ಬಿದ್ದಿರುತ್ತೆ, ಮರಗಳ ಕೆಳಗೆ, ಫ್ಲೈಓವರ್ ಕೆಳಗೆ ಎಡವುತ್ತೆ, ಘಾಟಲ್ಲಂತೂ ನೋಡ್ಲೇಬೇಡಿ. ಘಾಟಲ್ಲಿ ಇನ್ನೊಂದು ತೊಂದ್ರೆ ಇದೆ, ಗಾಡಿ ವಾಲಿಸಿದಾಗ ಟೈರಿನ ಮಧ್ಯ ಭಾಗ ಬಿಟ್ಟು ಪಕ್ಕದ ಭಾಗ ನೆಲಕ್ಕೆ ತಾಗುತ್ತೆ, ಅಲ್ಲಿ ಸುತ್ತಳತೆ ಕಮ್ಮಿ, ಚಕ್ರ ಜಾಸ್ತಿ ತಿರುಗುತ್ತೆ, ಮೀಟರ್ ನೇರ ರೋಡಿಗಿಂತ ಹೆಚ್ಚು ತೋರ್ಸುತ್ತೆ. ಚಾರ್ಮಾಡಿಲಿ ಅಳೆದ ನಂಬರ್ ಶಿರಾದಲ್ಲಿ ಉಪಯೋಗಕ್ಕೆ ಬರಲ್ಲ.

ನಾನು ಶಿರಾದಿಂದ ಹಿರಿಯೂರಿನ ಕಡೆ ಹೋಗೋ ನೇರ ರೋಡಲ್ಲಿ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಮಾಡಿದ್ದು. ಟೈರ್ ತಣ್ಣಗಿದ್ದಾಗ ಗಾಳಿ ಸರಿ ಮಾಡ್ಕೊಂಡು, ಹತ್ತು ಹದಿನೈದು ಕಿಲೋಮೀಟರ್ ಓಡ್ಸಿ ಟೈರ್ ಬಿಸಿ ಮಾಡ್ಕೊಂಡು, ಆಮೇಲೆ ಮೀಟರಲ್ಲಿ 40, 60, 80 ಒಂದೊಂದನ್ನೂ ಅರ್ಧ ನಿಮಿಷ ಹಿಡ್ಕೊಂಡು ಹೋಗೋದು. ಫೋನ್ ನೋಡ್ತಾ ಓಡಿಸ್ಬೇಡಿ, ಆಪಲ್ಲಿ ರೆಕಾರ್ಡ್ ಆಗ್ಲಿ, ಅಥವಾ ಹಿಂದೆ ಕೂತವ್ರು ಓದ್ಲಿ. ಜಿಪಿಎಸ್ ಇಲ್ಲ ಅಂದ್ರೆ ಕಿಲೋಮೀಟರ್ ಕಲ್ಲು ಮತ್ತೆ ಸ್ಟಾಪ್‌ವಾಚ್, ನಿಜವಾಗ್ಲೂ 60ರಲ್ಲಿ ಹೋದ್ರೆ ಒಂದು ಕಿಲೋಮೀಟರಿಗೆ 60 ಸೆಕೆಂಡ್, 72ಕ್ಕೆ 50 ಸೆಕೆಂಡ್. ಹೈವೇ ಅಗಲ ಮಾಡಿದ ಕಡೆ ಕಲ್ಲುಗಳು ಸ್ವಲ್ಪ ಹೆಚ್ಚುಕಮ್ಮಿ ಇರ್ತವೆ, ಅದಕ್ಕೆ ಒಂದು ಕಲ್ಲು ನಂಬ್ಬೇಡಿ, ಹತ್ತು ಕಲ್ಲು ಒಟ್ಟಿಗೆ ತಗೊಳ್ಳಿ. ಇದ್ರ ಜೊತೆ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರಾನೂ ಜಿಪಿಎಸ್ ಜೊತೆ ಹೋಲಿಸಿ, ಅಂದ್ರೆ ಓಡೋಮೀಟರ್ ಸರಿ ಇದ್ಯಾ ಅಂತ. ಸ್ಪೀಡಿಗೆ ಒಂದು ತಪ್ಪು, ದೂರಕ್ಕೆ ಒಂದು ತಪ್ಪು, ಎರಡೂ ಬೇರೆ ಬೇರೆ ಬರ್ಕೊಳ್ಳಿ.

ಯಾಕೆ ಬೇರೆ ಅಂದ್ರೆ, ಇವತ್ತು ನಾನು ಹೇಳೋಕೆ ಬಂದಿರೋದೇ ಇದು. ನನ್ನದೂ ಸೇರಿ ಸುಮಾರು ಗಾಡಿಗಳಲ್ಲಿ ಓಡೋಮೀಟರ್ ಹೆಚ್ಚುಕಮ್ಮಿ ಸರಿಯಾಗೇ ಎಣಿಸುತ್ತೆ, ಸ್ಪೀಡ್ ತೋರ್ಸೋವಾಗ ಮಾತ್ರ ಮೇಲೆ ನಾಲ್ಕು ಪರ್ಸೆಂಟ್ ಸೇರಿಸಿ ತೋರ್ಸುತ್ತೆ. ಎಣಿಕೆ ಒಂದೇ, ತೋರ್ಸೋದು ಎರಡು ಥರ. ಈಗ ನೀವು ಇಸಿಯು ಒಳಗೆ ಹೋಗಿ ಕ್ಯಾಲಿಬ್ರೇಶನ್ ನಂಬರ್ ಬದಲಾಯಿಸಿ ಸ್ಪೀಡನ್ನ ಜಿಪಿಎಸ್ ಜೊತೆ ಸರಿಸಮ ಮಾಡಿದ್ರೆ, ಮುಳ್ಳು ಸರಿ ಹೋಯ್ತು, ಆದ್ರೆ ಸರಿಯಾಗಿದ್ದ ಓಡೋಮೀಟರ್ ನಾಲ್ಕು ಪರ್ಸೆಂಟ್ ಕಮ್ಮಿ ಎಣಿಸೋಕೆ ಶುರು ಮಾಡುತ್ತೆ. 10,000 ಕಿಲೋಮೀಟರ್ ಓಡಿದ ಗಾಡಿ 9,600 ಅನ್ನುತ್ತೆ. ಆಯಿಲ್ ಬದಲಾಯಿಸೋದು ತಡ ಆಗುತ್ತೆ, ಮೈಲೇಜ್ ಲೆಕ್ಕ ತಪ್ಪುತ್ತೆ, ನಾಳೆ ನಿಮ್ಮಿಂದ ಗಾಡಿ ತಗೊಳ್ಳೋನಿಗೆ ತಪ್ಪು ಲೆಕ್ಕ ಕೊಡ್ತೀರಿ. ಜಿಪಿಎಸ್ ಮತ್ತೆ ಮೀಟರ್ ಒಂದೇ ತೋರ್ಸಿದ್ರೆ ಖುಷಿ ಆಗುತ್ತೆ, ನನಗೂ ಆ ಆಸೆ ಇತ್ತು. ಆದ್ರೆ ನಾನು ಬಿಟ್ಟೆ. ನನ್ನ ಅಭಿಪ್ರಾಯ ಏನು ಅಂದ್ರೆ, ಕಂಪನಿಯಿಂದ ಬಂದಾಗ ಇದ್ದ ಸ್ಥಿತಿಗೆ ವಾಪಸ್ ತರೋದೇ ಸರಿಯಾದ ಟ್ಯೂನಿಂಗ್, ಪುಲ್ಲಿಯಿಂದ ಬಂದ ತಪ್ಪನ್ನ ಮಾತ್ರ ತೆಗೀರಿ, ಕಂಪನಿ ಬೇಕಂತ ಇಟ್ಟ ನಾಲ್ಕು ಪರ್ಸೆಂಟನ್ನ ಅಲ್ಲೇ ಬಿಡಿ. ದೂರ ಸರಿಯಾಗಿರ್ಲಿ, ಮುಳ್ಳು ಸ್ವಲ್ಪ ಮೇಲಿರ್ಲಿ.

ಈಗ ಆ ನಂಬರ್. ಲೆಕ್ಕ ಸುಲಭ, ಐದನೇ ಕ್ಲಾಸಿಂದು. ನನ್ನ ಹಿಂದಿನ ಟೈರ್ 150/80-16. ರಿಮ್ 16 ಇಂಚು ಅಂದ್ರೆ 406.4 ಮಿಲಿಮೀಟರ್, ಟೈರಿನ ಎತ್ತರ ಅದ್ರ ಅಗಲ 150ರಲ್ಲಿ 80 ಪರ್ಸೆಂಟ್, ಅಂದ್ರೆ 120, ಮೇಲೆ ಕೆಳಗೆ ಸೇರಿ 240, ಒಟ್ಟು ವ್ಯಾಸ 646.4. ಸುತ್ತಳತೆ 2.03 ಮೀಟರ್. ಹಾಗಾದ್ರೆ ಒಂದು ಕಿಲೋಮೀಟರಿಗೆ ಚಕ್ರ ಸುಮಾರು 492 ಸುತ್ತು ಸುತ್ತಬೇಕು. ಹಿಂದಿನ ಪುಲ್ಲಿ 68 ಹಲ್ಲು, ಮುಂದಿಂದು 28 ಇದ್ದಾಗ ಗೇರ್‌ಬಾಕ್ಸಿಂದ ಹೊರಗೆ ಬರೋ ಶಾಫ್ಟ್ ಕಿಲೋಮೀಟರಿಗೆ 1,196 ಸುತ್ತು ತಿರುಗುತ್ತೆ. 30 ಹಾಕಿದ ಮೇಲೆ ಬರೀ 1,116 ಸುತ್ತು. ಕಂಪ್ಯೂಟರ್ ಇನ್ನೂ 1,196 ಆಗ್ಲಿ ಆಮೇಲೆ ಒಂದು ಕಿಲೋಮೀಟರ್ ಅಂತೀನಿ ಅಂತ ಕಾಯ್ತಾ ಕೂತಿದೆ, ಅಷ್ಟೊತ್ತಿಗೆ ನೀವು 1,071 ಮೀಟರ್ ಹೋಗಿಬಿಟ್ಟಿರ್ತೀರಿ. ಇಷ್ಟೇ ಕಥೆ. ಮ್ಯಾಪಲ್ಲಿ ಇರೋ ನಂಬರ್ ಕಿಲೋಮೀಟರಿಗೆ ಅಥವಾ ಮೈಲಿಗೆ ಎಷ್ಟು ಪಲ್ಸ್ ಅನ್ನೋ ಥರದ್ದಾಗಿದ್ರೆ ಅದನ್ನ 28 ಭಾಗಿಸು 30, ಅಂದ್ರೆ 0.933ರಿಂದ ಗುಣಿಸ್ಬೇಕು. ಸಾಫ್ಟ್‌ವೇರಲ್ಲಿ ಅದು ಉಲ್ಟಾ ಇದ್ರೆ, ಅಂದ್ರೆ ಒಂದು ಪಲ್ಸಿಗೆ ಎಷ್ಟು ದೂರ ಅಂತ ಇದ್ರೆ, 30 ಭಾಗಿಸು 28. ಈ ಉಲ್ಟಾ ವಿಷ್ಯದಲ್ಲಿ ಸುಮಾರು ಜನ ಬೀಳ್ತಾರೆ, ಏಳು ಪರ್ಸೆಂಟ್ ತಪ್ಪು ತೆಗೆಯೋಕೆ ಹೋಗಿ ಹದಿನಾಲ್ಕು ಮಾಡ್ಕೊಂಡು ಬರ್ತಾರೆ. ಒಂದು ಸಣ್ಣ ಬದಲಾವಣೆ ಮಾಡಿ, ಓಡ್ಸಿ, ಯಾವ ಕಡೆ ಹೋಯ್ತು ಅಂತ ನೋಡಿ, ಆಮೇಲೆ ಪೂರ್ತಿ ಬದಲಾಯಿಸಿ.

ಟೈರ್ ಮೇಲೆ ಬರೆದಿರೋ ಸೈಜಿಂದ ಹಾಕಿದ ಸುತ್ತಳತೆ ನೆಲದ ಮೇಲೆ ಅಷ್ಟೇ ಬರಲ್ಲ, ಭಾರಕ್ಕೆ ಟೈರ್ ಸ್ವಲ್ಪ ಅಮುಕಿರುತ್ತೆ. ಅದಕ್ಕೆ ಚಾಕ್‌ಪೀಸ್. ಟೈರ್ ಮೇಲೆ ಒಂದು ಗೆರೆ, ನೆಲದ ಮೇಲೆ ಒಂದು ಗೆರೆ, ನೀವು ಗಾಡಿ ಮೇಲೆ ಕೂತ್ಕೊಳ್ಳಿ, ಸ್ನೇಹಿತ್ರು ನೇರವಾಗಿ ತಳ್ಳಲಿ, ಹತ್ತು ಸುತ್ತು ಎಣಿಸಿ, ಟೇಪ್ ಹಿಡಿದು ಅಳೀರಿ. ನನಗೆ 20.3 ಮೀಟರ್ ಬರ್ಬೇಕಿತ್ತು, ಬಂದಿದ್ದು 19.9. ಎರಡು ಪರ್ಸೆಂಟ್ ಅಲ್ಲೇ ಹೋಯ್ತು. ಪುಲ್ಲಿ ಮಾತ್ರ ಬದಲಾಯಿಸಿದವ್ರಿಗೆ ಇದು ಬೇಡ, ಕಂಪನಿ ನಂಬರನ್ನ ಹಲ್ಲಿನ ಲೆಕ್ಕದಿಂದ ಗುಣಿಸಿದ್ರೆ ಸಾಕು. ಟೈರ್ ಸೈಜ್ ಬದಲಾಯಿಸಿದವ್ರು ಹಳೇ ಟೈರ್ ಬಿಚ್ಚೋ ಮುಂಚೆ ಒಂದ್ಸಲ, ಹೊಸದು ಹಾಕಿದ ಮೇಲೆ ಒಂದ್ಸಲ ಅಳೀರಿ. ಬಿಚ್ಚಿದ ಮೇಲೆ ನೆನಪಾದ್ರೆ ಅಳೆಯೋಕೆ ಏನೂ ಉಳಿದಿರಲ್ಲ.

ಬರೆಯೋದು ಹೇಗೆ ಅಂದ್ರೆ, ನನ್ನ ಗಾಡಿಗೆ ಡೈನೋಜೆಟ್ ಪವರ್ ವಿಷನ್ ಉಪಯೋಗಿಸಿದ್ವಿ, ಇನ್ನೂ ಬೇರೆ ಟ್ಯೂನರ್‌ಗಳೂ ಇವೆ, ಅದನ್ನ ಗಾಡಿಯ ಡೇಟಾ ಪೋರ್ಟಿಗೆ ಹಾಕಿ ಮೊದಲು ಈಗಿರೋ ಮ್ಯಾಪನ್ನ ಹೊರಗೆ ತೆಗೆದು ಎರಡು ಕಡೆ ಸೇವ್ ಮಾಡಿ ಇಟ್ಕೋಬೇಕು, ಒಂದು ಲ್ಯಾಪ್‌ಟಾಪಲ್ಲಿ, ಒಂದು ನಿಮ್ಮ ಇಮೇಲಲ್ಲಿ. ಇದನ್ನ ಮಾಡದ ಯಾವ ಟ್ಯೂನರ್ ಹತ್ರಾನೂ ಗಾಡಿ ಕೊಡ್ಬೇಡಿ. ಆ ಫೈಲಲ್ಲಿ ಸ್ಪೀಡೋಮೀಟರ್ ಕ್ಯಾಲಿಬ್ರೇಶನ್ ಒಂದನ್ನ ಮಾತ್ರ ಬದಲಾಯಿಸಿ, ಬೇರೆ ಏನನ್ನೂ ಅದೇ ದಿನ ಮುಟ್ಟಬೇಡಿ, ಎರಡು ವಿಷ್ಯ ಒಟ್ಟಿಗೆ ಬದಲಾಯಿಸಿದ್ರೆ ಯಾವುದ್ರಿಂದ ಏನಾಯ್ತು ಅಂತ ಗೊತ್ತಾಗಲ್ಲ, ನನಗೆ ಆಗಿದ್ದೇ ಅದು. ಬರೆಯೋವಾಗ ಬ್ಯಾಟರಿ ತುಂಬಿರ್ಬೇಕು, ಚಾರ್ಜರ್ ಹಚ್ಚಿದ್ರೆ ಇನ್ನೂ ಒಳ್ಳೇದು, ಮಧ್ಯದಲ್ಲಿ ಕರೆಂಟ್ ಬಿದ್ರೆ ಅರ್ಧ ಬರೆದ ಇಸಿಯು ಗಾಡೀನ ಸ್ಟಾರ್ಟ್ ಆಗೋಕೇ ಬಿಡಲ್ಲ. ಹೆಡ್‌ಲೈಟ್ ಫ್ಯೂಸ್ ತೆಗೆದಿಡೋವ್ರೂ ಇದಾರೆ, ಬ್ಯಾಟರಿ ಉಳೀಲಿ ಅಂತ, ಒಳ್ಳೇ ಅಭ್ಯಾಸ. ಮುಗಿದ ಮೇಲೆ ಅದೇ ರೋಡು, ಅದೇ ಗಾಳಿ ಪ್ರೆಶರ್, ಅದೇ ಮೂರು ಸ್ಪೀಡು. ನನ್ನ ಗಾಡಿ ಮತ್ತೆ 80ಕ್ಕೆ 77 ಬಂತು, ಓಡೋಮೀಟರ್ ಜಿಪಿಎಸ್ ಜೊತೆ ಒಂದು ಪರ್ಸೆಂಟ್ ಒಳಗೆ ಬಂತು. ಮೈಲೇಜ್ ಮುಂದಿನ ಟ್ಯಾಂಕಿಗೇ ಇಪ್ಪತ್ತು. ಅದೇ ಮ್ಯಾಪು, ಅದೇ ಪೆಟ್ರೋಲು.

ಸ್ಪೀಡ್ ನಂಬರನ್ನ ಮುಳ್ಳು ಒಂದೇ ಉಪಯೋಗಿಸಲ್ಲ ಅನ್ನೋದೂ ಗೊತ್ತಿರ್ಲಿ. ಕೆಲವು ಗಾಡೀಲಿ ಯಾವ ಗೇರಲ್ಲಿದೆ ಅನ್ನೋದನ್ನ ಆರ್‌ಪಿಎಂ ಮತ್ತೆ ಸ್ಪೀಡ್ ಎರಡನ್ನೂ ಭಾಗಿಸಿ ಕಂಪ್ಯೂಟರ್ ಊಹೆ ಮಾಡುತ್ತೆ, ಇಂಡಿಕೇಟರ್ ತಾನಾಗೇ ಆಫ್ ಆಗೋದು, ಕ್ರೂಸ್ ಕಂಟ್ರೋಲ್, ಟಾಪ್ ಸ್ಪೀಡ್ ಲಿಮಿಟರ್ ಇವೆಲ್ಲ ಅದೇ ನಂಬರ್ ನೋಡ್ತವೆ. ಬದಲಾಯಿಸಿದ ಮೇಲೆ ಗೇರ್ ಲೈಟ್ ಸರಿಯಾಗಿ ಬರ್ತಿದ್ಯಾ ಅಂತ ಎಲ್ಲಾ ಗೇರಲ್ಲೂ ಓಡ್ಸಿ ನೋಡಿ.

ಈಗ ನಮ್ಮಲ್ಲಿ ಓಡ್ತಿರೋ ಸಾಮಾನ್ಯ ಗಾಡಿಗಳ ವಿಷ್ಯ. 2020ರ ಏಪ್ರಿಲಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೆಚ್ಚುಕಮ್ಮಿ ಎಲ್ಲಾ ಬೈಕಲ್ಲೂ ಫ್ಯೂಯಲ್ ಇಂಜೆಕ್ಷನ್, ಎಲ್ಲದ್ರಲ್ಲೂ ಇಸಿಯು ಇದೆ. ಆದ್ರೆ ಇಸಿಯು ಇದೆ ಅಂದ ಮಾತ್ರಕ್ಕೆ ಸ್ಪೀಡೋ ನಂಬರ್ ಅದ್ರಲ್ಲೇ ಇದೆ ಅಂತಲ್ಲ. 2019ರಿಂದ 125 ಸಿಸಿ ಮೇಲಿನ ಗಾಡಿಗಳಿಗೆ ಎಬಿಎಸ್ ಕಡ್ಡಾಯ ಆಯ್ತಲ್ಲ, ಅಂಥ ಎಷ್ಟೋ ಗಾಡೀಲಿ ಎಬಿಎಸ್ ಯೂನಿಟ್ಟೇ ಸ್ಪೀಡ್ ಲೆಕ್ಕ ಮಾಡಿ ನೇರ ಮೀಟರಿಗೆ ಕಳ್ಸುತ್ತೆ, ಅಥವಾ ಮೀಟರ್ ಒಳಗೇ ನಂಬರ್ ಇರುತ್ತೆ. ಅಲ್ಲಿ ಇಸಿಯು ರೀಮ್ಯಾಪ್ ಮಾಡಿ ಸ್ಪೀಡೋ ಸರಿ ಮಾಡ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಮ್ಯಾಪ್ ಒಳಗೆ ಯಾವ ಟೇಬಲಲ್ಲಿ ಆ ನಂಬರ್ ಇದೆ ಅಂತ ತೋರ್ಸಿ ಅನ್ನಿ. ನಮ್ಮ ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನವ್ರ ಪವರ್‌ಟ್ರಾನಿಕ್ ಥರದ ಪಿಗ್ಗಿಬ್ಯಾಕ್ ಇಸಿಯುಗಳ (ಕಂಪನಿ ಇಸಿಯು ಜೊತೆಗೆ ಸೇರಿಸೋ ಇನ್ನೊಂದು ಡಬ್ಬಿ) ಕೆಲ್ಸ ಪೆಟ್ರೋಲು ಮತ್ತೆ ಸ್ಪಾರ್ಕು, ಸ್ಪೀಡೋ ನಂಬರ್ ಅದ್ರ ಕೆಲ್ಸ ಅಲ್ಲ. ಇಂಥಾ ಗಾಡಿಗಳಿಗೆ ಇನ್ನೊಂದು ದಾರಿ ಇದೆ, ಹಂಗೇರಿಯ ಹೀಲ್‌ಟೆಕ್ ಕಂಪನಿಯ ಸ್ಪೀಡೋಹೀಲರ್ ಥರದ ಸಣ್ಣ ಡಬ್ಬಿ, ಸೆನ್ಸರಿಗೂ ಮೀಟರಿಗೂ ಮಧ್ಯ ಕೂತು ಪಲ್ಸ್‌ಗಳನ್ನ ಹೆಚ್ಚು ಕಮ್ಮಿ ಮಾಡಿ ಕಳ್ಸುತ್ತೆ. ಸೆನ್ಸರ್ ಗೇರ್‌ಬಾಕ್ಸಲ್ಲಿ ಇರೋ ಗಾಡಿಗೆ ಅದು ಚೆನ್ನಾಗಿ ಹೊಂದುತ್ತೆ. ಆದ್ರೆ ಎಬಿಎಸ್‌ಗೆ ಹೋಗೋ ವೈರನ್ನ ಕತ್ತರಿಸಿ ಮಧ್ಯ ಏನನ್ನೂ ಹಾಕೋಕೆ ಹೋಗ್ಬೇಡಿ, ಎಬಿಎಸ್ ಎರಡೂ ಚಕ್ರದ ಸ್ಪೀಡ್ ಹೋಲಿಸಿ ಬ್ರೇಕ್ ಬಿಡಬೇಕಾ ಹಿಡೀಬೇಕಾ ಅಂತ ನಿರ್ಧಾರ ಮಾಡುತ್ತೆ, ಅದಕ್ಕೆ ಸುಳ್ಳು ಹೇಳಿದ್ರೆ ಮಳೇಲಿ ಏನಾಗುತ್ತೆ ಅಂತ ಯೋಚ್ನೆ ಮಾಡಿ.

ಕಾನೂನಿನ ಬಗ್ಗೆ ಒಬ್ರು ಕೇಳಿದ್ರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಮಾರ್ಪಾಡು ಬಗ್ಗೆ ಇದೆ, ಏನೇ ಬದಲಾಯಿಸೋ ಮುಂಚೆ ಅದನ್ನ ಓದ್ಕೊಳ್ಳಿ. ಓಡೋಮೀಟರ್ ಹಿಂದಕ್ಕೆ ತಿರುಗ್ಸೋದು ಮೋಸ, ಅದ್ರಲ್ಲಿ ಎರಡು ಮಾತಿಲ್ಲ. ಕ್ಯಾಲಿಬ್ರೇಶನ್ ಬದಲಾಯಿಸಿದ್ರೆ ಈಗಾಗ್ಲೇ ಓಡಿದ ಕಿಲೋಮೀಟರ್ ಬದಲಾಗಲ್ಲ, ಮುಂದಿನ ಎಣಿಕೆ ಮಾತ್ರ ಬದಲಾಗುತ್ತೆ. ಆದ್ರೂ ನಾನು ಸರ್ವೀಸ್ ಬುಕ್ಕಲ್ಲಿ ಬರ್ದಿಟ್ಟಿದೀನಿ, ಇಷ್ಟು ಕಿಲೋಮೀಟರಲ್ಲಿ ಪುಲ್ಲಿ ಬದಲಾಯಿಸಿದೆ, ಇಷ್ಟರಲ್ಲಿ ನಂಬರ್ ಸರಿ ಮಾಡಿದೆ, ಮಧ್ಯ ಮೀಟರಲ್ಲಿ ಓಡಿದ್ದು 2,800, ನಿಜವಾಗಿ 3,000 ಅಂತ. ಮುಂದೆ ಗಾಡಿ ತಗೊಳ್ಳೋವ್ರು ಓದ್ಕೊಳ್ಲಿ.

ಟೈರ್ ಸವೆದ್ರೆ ಏನಾಗುತ್ತೆ ಅಂತ ಇನ್ನೊಬ್ರು ಕೇಳಿದ್ರು, ಒಳ್ಳೇ ಪ್ರಶ್ನೆ. ಹೊಸ ಟೈರಿಗೆ ಏಳು ಮಿಲಿಮೀಟರ್ ಟ್ರೆಡ್ ಆಳ ಇತ್ತು ಅಂದ್ಕೊಳ್ಳಿ, ಒಂದಕ್ಕೆ ಬಂತು ಅಂದ್ರೆ ತ್ರಿಜ್ಯ ಆರು ಮಿಲಿಮೀಟರ್ ಕಮ್ಮಿ, ನನ್ನ ಟೈರಿಗೆ ಅದು ಸುಮಾರು 1.9 ಪರ್ಸೆಂಟ್. ಸವೆದಂಗೆ ಮೀಟರ್ ಇನ್ನೂ ಜಾಸ್ತಿ ತೋರ್ಸುತ್ತೆ, ಅದು ಅಪಾಯ ಇಲ್ಲದ ಕಡೆ. ಹಾಗಂತ ಸವೆದ ಟೈರಲ್ಲಿ ಅಳೆದು ನಂಬರ್ ಸರಿಸಮ ಕೂರಿಸಿದ್ರೆ, ಹೊಸ ಟೈರ್ ಹಾಕಿದ ದಿನ ಮೀಟರ್ ಕಮ್ಮಿ ತೋರ್ಸೋಕೆ ಶುರುವಾಗುತ್ತೆ. ಅದಕ್ಕೇ ನಂಬರ್ ಕೂರಿಸೋ ಅಳತೆ ಯಾವಾಗ್ಲೂ ಹೊಸ ಟೈರಲ್ಲಿ.

ಕೊನೇಲಿ ಹಿಂದೆ ನಿಂತಿದ್ದ ಒಬ್ಬ ಹುಡುಗ ಕೈ ಎತ್ತಿ ಕೇಳ್ದ, ಸರ್ ನಾನು ಮುಂದಿನ ಟೈರ್ 110/70-17 ಇದ್ದಿದ್ದಕ್ಕೆ 120/70-17 ಹಾಕ್ಸಿದೀನಿ, ನನ್ನ ಗಾಡೀಲಿ ಸೆನ್ಸರ್ ಮುಂದೆ ಇದೆ, ಟ್ಯೂನರ್ ಎಂಟು ಸಾವಿರ ಕೇಳ್ತಿದಾರೆ ಮೀಟರ್ ಸರಿ ಮಾಡೋಕೆ, ಮಾಡಿಸ್ಲಾ ಅಂತ. ಅಲ್ಲೇ ಲೆಕ್ಕ ಹಾಕಿದ್ವಿ. ಹಳೇ ಟೈರಿನ ಸುತ್ತಳತೆ 1.84 ಮೀಟರ್, ಹೊಸದು 1.884, ಎರಡೂವರೆ ಪರ್ಸೆಂಟಿಗೂ ಕಮ್ಮಿ ವ್ಯತ್ಯಾಸ. ಮುಂಚೆ ಜಿಪಿಎಸ್ ಜೊತೆ ನೋಡಿದ್ಯೇನಪ್ಪಾ ಅಂತ ಕೇಳ್ದೆ, ನೋಡಿದ್ದ, ಮೀಟರ್ 84ಕ್ಕೆ ನಿಜ 80 ಇತ್ತಂತೆ, ಅಂದ್ರೆ ಐದು ಪರ್ಸೆಂಟ್ ಮೇಲೆ. ಈಗ ಅದೇ 80ಕ್ಕೆ ಮೀಟರ್ ಸುಮಾರು 82 ತೋರಿಸ್ಬೇಕು. ಇನ್ನೂ ಮೇಲೇ ಇದೆ. ಓಡೋಮೀಟರ್ ಸ್ವಲ್ಪ ಕಮ್ಮಿ ಎಣಿಸುತ್ತೆ, ನೂರು ಕಿಲೋಮೀಟರಿಗೆ ಎರಡು ಚಿಲ್ರೆ, ಅದನ್ನ ಬುಕ್ಕಲ್ಲಿ ಬರ್ದಿಡು, ವಾಪಸ್ ಹೋಗ್ತಾ ದಾಬಸ್‌ಪೇಟೆ ತನಕ ಒಂದ್ಸಲ ಜಿಪಿಎಸ್ ಹಾಕಿ ನೋಡು, 82 ಬಂದ್ರೆ ಏನೂ ಮುಟ್ಟಬೇಡ, ಆ ಎಂಟು ಸಾವಿರಕ್ಕೆ ಒಳ್ಳೇ ಗ್ಲೌಸ್ ತಗೋ ಅಂದೆ. ಮಧ್ಯಾಹ್ನ ಮೆಸೇಜ್ ಬಂತು, ಎಂಬತ್ತೆರಡೇ ಇದೆ ಸರ್ ಅಂತ.